ಐದು ದಾಟಿದ ಮಗ ಅಪ್ಪನ ಪಾಲಿಗಾ? ದಾವಣಗೆರೆಯ ತಾಯಿಗೆ ವಕೀಲೆಯ ಉತ್ತರ

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಮಗನಿಗೆ ಎಂಟು, ಮಗಳಿಗೆ ನಾಲ್ಕು. ಮದುವೆಯಾದಾಗಿನಿಂದ ಬೆಂಗಳೂರಿನಲ್ಲಿದ್ದೆವು. ಗಂಡ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಹೊಡೆತ ಬಡಿತ ಇರಲಿಲ್ಲ. ಆದರೆ ದಿನಾ ಜಗಳ, ಕೊನೆಗೆ ಮಾತೇ ನಿಂತುಹೋಯಿತು. ನಾಲ್ಕು ತಿಂಗಳ ಹಿಂದೆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ದಾವಣಗೆರೆಯ ತವರಿಗೆ ಬಂದೆ. ಮಕ್ಕಳನ್ನು ಇಲ್ಲೇ ಸ್ಕೂಲಿಗೆ ಸೇರಿಸಿದ್ದೇನೆ. ನನಗೂ ಅಲ್ಲೇ ಟೀಚರ್ ಕೆಲಸ ಸಿಕ್ಕಿದೆ, ಸಂಬಳ 18 ಸಾವಿರ. ಈಗ ಗಂಡನಿಂದ ಲಾಯರ್ ನೋಟಿಸ್ ಬಂದಿದೆ. ಏಳು ದಿನದಲ್ಲಿ ಮಕ್ಕಳನ್ನು ವಾಪಸ್ ಕಳಿಸದಿದ್ದರೆ ಅಪಹರಣದ ಕೇಸ್ ಹಾಕುತ್ತಾರಂತೆ. 'ಐದು ವರ್ಷ ದಾಟಿದ ಗಂಡುಮಗು ಕಾನೂನು ಪ್ರಕಾರ ಅಪ್ಪನಿಗೇ' ಎಂದು ಅತ್ತೆ ಫೋನಿನಲ್ಲಿ ಹೇಳಿದರು. 'ಮಗ ಅವನಿಗೆ, ಮಗಳು ನಿನಗೆ, ಮುಗಿಸಿಕೊಳ್ಳಿ' ಎಂದು ಹಿರಿಯರೊಬ್ಬರು ಪಂಚಾಯ್ತಿ ಮಾಡಿದರು. ಎರಡು ವರ್ಷದಿಂದ ಡಿಪ್ರೆಶನ್‌ಗೆ ಮಾತ್ರೆ ತಗೋತಿದ್ದೇನೆ. ಅದನ್ನೂ, ಹಳೆಯ ಸಹೋದ್ಯೋಗಿಯೊಬ್ಬರ ಜೊತೆಗಿನ ವಾಟ್ಸಾಪ್ ಚಾಟನ್ನೂ ಕೋರ್ಟ್‌ನಲ್ಲಿ ತೋರಿಸುತ್ತೇನೆ ಎಂದು ಹೆದರಿಸುತ್ತಿದ್ದಾರೆ. ಜಗಳ ಬೇಡ ಅಂತ ಎರಡು ತಿಂಗಳಿಂದ ಮಕ್ಕಳ ವಿಡಿಯೋ ಕಾಲ್ ನಿಲ್ಲಿಸಿದ್ದೇನೆ. ಜಡ್ಜ್ ಮಗನನ್ನು ಕೇಳಿದರೆ ಏನು ಹೇಳಬೇಕು ಅಂತ ಈಗಿನಿಂದಲೇ ಹೇಳಿಕೊಡಬೇಕಾ? ಮಕ್ಕಳು ನನಗೆ ಸಿಗುತ್ತಾರಾ? (ಹೆಸರು ಬೇಡ, ದಾವಣಗೆರೆ)

ಉತ್ತರ: ಸಂಬಳ ಕಮ್ಮಿ, ಮಾತ್ರೆ ತಗೋತೀನಿ, ಚಾಟ್ ತೋರಿಸ್ತಾರೆ, ಮಗನಿಗೆ ಎಂಟಾಯ್ತು. ನಿಮ್ಮ ಭಯವೆಲ್ಲ ಈ ನಾಲ್ಕರ ಸುತ್ತ ಇದೆ. ಫ್ಯಾಮಿಲಿ ಕೋರ್ಟ್‌ಗಳಲ್ಲಿ ಕೇಸು ನಡೆಸುವ ನನಗೆ ಈ ನಾಲ್ಕೂ ಅಷ್ಟು ದೊಡ್ಡದಾಗಿ ಕಾಣುತ್ತಿಲ್ಲ. ನನಗೆ ಆತಂಕವಾಗಿದ್ದು ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ವಿಷಯ: ವಿಡಿಯೋ ಕಾಲ್ ನಿಲ್ಲಿಸಿದ್ದು. ನಿಮ್ಮ ಕೇಸು ಎಲ್ಲಾದರೂ ಎಡವಿದರೆ ಅಲ್ಲೇ ಎಡವುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಅತ್ತೆಯವರ ಮಾತು ನೋಡೋಣ.

ಐದು ವರ್ಷದ ಲೆಕ್ಕ

'ಐದು ದಾಟಿದ ಗಂಡುಮಗು ಅಪ್ಪನಿಗೇ' ಎಂಬ ಕಾನೂನು ಇಲ್ಲ. ಈ ಮಾತಿನ ಮೂಲ 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದಷ್ಟೇ ಅಲ್ಲಿದೆ. ಆ ವಯಸ್ಸಿನ ಮಾತಿನಲ್ಲಿ ಗಂಡುಮಗುವಿಗೊಂದು, ಹೆಣ್ಣುಮಗುವಿಗೊಂದು ಅಂತ ಬೇರೆ ಬೇರೆ ಇಲ್ಲ. ಐದು ತುಂಬಿದ ಮರುದಿನ ಮಗು ಅಪ್ಪನ ಮನೆಗೆ ಹೋಗಬೇಕು ಎಂದೂ ಇಲ್ಲ. ಇರುವ ಅರ್ಧ ವಾಕ್ಯಕ್ಕೆ ಉಳಿದರ್ಧವನ್ನು ಜನ ತಾವೇ ಸೇರಿಸಿಕೊಂಡಿದ್ದಾರೆ.

ಅದೇ ಸೆಕ್ಷನ್ ಮಗುವಿನ ಸಹಜ ಪಾಲಕ ತಂದೆ, ಅವರ ನಂತರ ತಾಯಿ ಎಂದೂ ಹೇಳುತ್ತದೆ. ಗಂಡನ ಕಡೆಯವರು ಇದನ್ನು ಹಿಡಿದುಕೊಂಡು ವಾದಿಸಬಹುದು. ಆದರೆ ತಂದೆ ಬದುಕಿದ್ದಾಗಲೂ, ಅವರು ಮಗುವಿನ ಜವಾಬ್ದಾರಿ ಹೊರದಿದ್ದರೆ ತಾಯಿ ಸಹಜ ಪಾಲಕಿಯಾಗಬಹುದು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿದೆ. ಅಲ್ಲದೆ ಪಾಲಕರು ಯಾರು ಎಂಬುದು ಒಂದು ಪ್ರಶ್ನೆ, ಮಗು ಯಾರ ಮನೆಯಲ್ಲಿ ಬೆಳೆಯಬೇಕು ಎಂಬುದು ಇನ್ನೊಂದು. ತಂದೆ ಪಾಲಕರಾಗಿ ಉಳಿದು, ಮಗು ತಾಯಿಯ ಜೊತೆ ಇರುವ ಆದೇಶಗಳು ದಿನನಿತ್ಯ ಬರುತ್ತವೆ.

ಇದೆಲ್ಲಕ್ಕಿಂತ ಮೇಲೆ ಅದೇ ಕಾಯ್ದೆಯ 13ನೇ ಸೆಕ್ಷನ್ ಇದೆ. ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಎನ್ನುತ್ತದೆ ಅದು. ಅಪ್ಪನ ಹಕ್ಕು, ಅಮ್ಮನ ಹಕ್ಕು ಎಲ್ಲ ಅದರ ಕೆಳಗೆ. ಮಕ್ಕಳು ತಂದೆ ತಾಯಿಯ ಸ್ವತ್ತೂ ಅಲ್ಲ, ಆಟದ ವಸ್ತುವೂ ಅಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ 1973ರ ರೋಸಿ ಜೇಕಬ್ ತೀರ್ಪಿನಲ್ಲಿ ಹೇಳಿತು. ಇವತ್ತಿಗೂ ವಕೀಲರು ಅದನ್ನು ಓದಿ ಹೇಳುತ್ತಾರೆ.

ನಿಮ್ಮ ನಾಲ್ಕು ವರ್ಷದ ಮಗಳ ವಿಷಯದಲ್ಲಿ ಕಾನೂನು ಸದ್ಯ ನಿಮ್ಮ ಪರ ವಾಲಿದೆ. ಇಷ್ಟು ಚಿಕ್ಕ ಮಗು ತಾಯಿಯ ಬಳಿ ಇರಬಾರದು ಎನ್ನುವುದಾದರೆ ಯಾಕೆ ಅಂತ ಸಾಬೀತು ಮಾಡಬೇಕಾದವರು ತಂದೆ ಎಂದು 2015ರ ರೊಕ್ಸಾನ್ ಶರ್ಮಾ ತೀರ್ಪು ಹೇಳುತ್ತದೆ. ಮಗನ ವಿಷಯದಲ್ಲಿ ತಕ್ಕಡಿ ಸಮ. ಅಮ್ಮ ಎಂಬ ಒಂದೇ ಕಾರಣಕ್ಕೆ ಮಗ ನಿಮಗೆ ಸಿಗುವುದಿಲ್ಲ, ಅಪ್ಪ ಎಂಬ ಕಾರಣಕ್ಕೆ ಅವರಿಗೂ ಸಿಗುವುದಿಲ್ಲ. 2008ರ ಮೌಸಮಿ ಗಂಗೂಲಿ ಪ್ರಕರಣದಲ್ಲಿ ತಾಯಿ ಓದಿದವರು, ದುಡಿಯುವವರು. ಆದರೂ ಅಪ್ಪನ ಜೊತೆ ನೆಮ್ಮದಿಯಾಗಿ ಬೆಳೆಯುತ್ತಿದ್ದ ಹುಡುಗನನ್ನು ಸುಪ್ರೀಂ ಕೋರ್ಟ್ ಅಲ್ಲಿಂದ ಕೀಳಲಿಲ್ಲ. ನಾಳೆ ನಿಮ್ಮ ಎದುರು ಪಕ್ಷದ ವಕೀಲರು ಇದನ್ನೇ ತರಬಹುದು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಜಡ್ಜ್ ನಿಜವಾಗಿ ನೋಡುವುದೇನು

ಗಂಡ ಹೆಂಡತಿಯರಲ್ಲಿ ಯಾರು ಸರಿ ಎಂಬುದನ್ನಲ್ಲ. ಇದು ಬಹಳ ಜನರಿಗೆ ನುಂಗಲಾರದ ಮಾತು. ಹತ್ತು ವರ್ಷದ ನೋವನ್ನು ನೂರು ಪುಟ ಬರೆದುಕೊಂಡು ಬರುತ್ತಾರೆ. ಮಗುವಿನ ಬಗ್ಗೆ ಅದರಲ್ಲಿ ಎರಡು ಪ್ಯಾರಾ ಇರುತ್ತದೆ. ಕಸ್ಟಡಿ ಅರ್ಜಿಯಲ್ಲಿ, ಅಂದರೆ ಮಗು ಯಾರ ಬಳಿ ಇರಬೇಕು ಎಂಬ ಅರ್ಜಿಯಲ್ಲಿ, ಕೋರ್ಟ್ ಹುಡುಕುವುದು ಆ ಎರಡು ಪ್ಯಾರಾ.

1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಏನೇನು ನೋಡಬೇಕು ಎಂಬ ಪಟ್ಟಿ ಇದೆ: ಮಗುವಿನ ವಯಸ್ಸು, ಲಿಂಗ, ಧರ್ಮ, ಕೇಳುವವರ ನಡತೆ ಮತ್ತು ಸಾಮರ್ಥ್ಯ, ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟ. ಈ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ನೀವು ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರು ಎಂದುಕೊಂಡು ನಾನು ಬರೆಯುತ್ತಿದ್ದೇನೆ.

ಪಟ್ಟಿ ಬಿಡಿ. ಕೋರ್ಟ್ ಹಾಲ್‌ನಲ್ಲಿ ಬರುವ ಪ್ರಶ್ನೆಗಳು ಬಹಳ ಸಾದಾ. ಬೆಳಗ್ಗೆ ಎಬ್ಬಿಸಿ ಸ್ಕೂಲಿಗೆ ರೆಡಿ ಮಾಡುವವರು ಯಾರು? ಜ್ವರ ಬಂದಾಗ ರಾತ್ರಿ ಎದ್ದು ಕೂರುವವರು ಯಾರು? ಕ್ಲಾಸ್ ಟೀಚರ್ ಹೆಸರೇನು? ಮಗುವಿಗೆ ಯಾವ ಔಷಧಿ ಅಲರ್ಜಿ? ನೀವು ಕೆಲಸಕ್ಕೆ ಹೋದಾಗ ಮಗು ಯಾರ ಹತ್ತಿರ ಇರುತ್ತದೆ? ಕ್ರೌರ್ಯ, ಅವಮಾನ ಅಂತ ಗಂಟೆಗಟ್ಟಲೆ ಮಾತಾಡಬಲ್ಲ ತಂದೆ ತಾಯಂದಿರು ಇಂಥ ಪ್ರಶ್ನೆಗೆ ತಡವರಿಸುವುದನ್ನು ನಾನು ನೋಡಿದ್ದೇನೆ. ತಡವರಿಸಿದ್ದು ಜಡ್ಜ್ ಕಣ್ಣಿಗೂ ಬೀಳುತ್ತದೆ.

ಹಾಗಾಗಿ ನಿಮ್ಮ ಬಲ ಸ್ಕೂಲ್ ಡೈರಿಯ ಸಹಿಗಳಲ್ಲಿದೆ, ಲಸಿಕೆ ಕಾರ್ಡಿನಲ್ಲಿದೆ, ಮಕ್ಕಳ ಡಾಕ್ಟರ ಚೀಟಿಗಳಲ್ಲಿದೆ, ಬೆಂಗಳೂರಿನ ಶಾಲೆಯ ಜೊತೆ ನಡೆಸಿದ ಮೆಸೇಜುಗಳಲ್ಲಿದೆ. ಅವನ್ನು ಜೋಡಿಸಿಡಿ. ಮಕ್ಕಳು ಓದುವ ಶಾಲೆಯಲ್ಲೇ ನಿಮಗೆ ಕೆಲಸ, ಮನೆಯಲ್ಲಿ ಅಜ್ಜ ಅಜ್ಜಿ. ದಿನಚರಿಯ ಲೆಕ್ಕದಲ್ಲಿ ಇದು ನಿಮಗೆ ತುಂಬ ಒಳ್ಳೆಯದು.

ಸಂಬಳದ ವಿಷಯ ಬೇಗ ಮುಗಿಸುತ್ತೇನೆ. ಜಾಸ್ತಿ ಸಂಬಳ ಇರುವವರಿಗೆ ಮಗು ಎಂದು ಯಾವ ಕೋರ್ಟೂ ಹೇಳುವುದಿಲ್ಲ. ಹಣದ ಕೊರತೆಯನ್ನು ಜೀವನಾಂಶದಿಂದ ತುಂಬಬಹುದು, ಸಮಯದ ಕೊರತೆಯನ್ನು ಹಾಗೆ ತುಂಬಲಾಗುವುದಿಲ್ಲ. ಮಕ್ಕಳ ಖರ್ಚನ್ನು ನಿಮ್ಮ ಗಂಡನಿಂದ ಕೇಳುವುದು ಮಕ್ಕಳ ಹಕ್ಕು. 2020ರ ನವೆಂಬರ್‌ನಲ್ಲಿ ಬಂದ ರಜನೀಶ್–ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಲೇಬೇಕು. ನೀವೂ ನಿಮ್ಮ 18 ಸಾವಿರವನ್ನು ಮುಚ್ಚಿಡಬೇಡಿ. ಕೆಲವರು 'ಕೆಲಸವೇ ಇಲ್ಲ' ಎಂದು ಬರೆಸುತ್ತಾರೆ, ಆಮೇಲೆ ಪಿಎಫ್ ಸ್ಟೇಟ್‌ಮೆಂಟ್ ಹೊರಗೆ ಬರುತ್ತದೆ. ಅಲ್ಲಿಂದ ಮುಂದೆ ನೀವು ಹೇಳುವ ನಿಜವನ್ನೂ ಕೋರ್ಟ್ ನಂಬುವುದಿಲ್ಲ.

ಡಿಪ್ರೆಶನ್ ಮಾತ್ರೆಯೂ ಅಷ್ಟೇ. ಕಾಯಿಲೆ ಇರುವುದು ತಾಯ್ತನಕ್ಕೆ ಅನರ್ಹತೆ ಅಲ್ಲ. ಕೋರ್ಟ್ ಕೇಳುವುದು ಒಂದೇ: ಮಗುವನ್ನು ನೋಡಿಕೊಳ್ಳುವುದಕ್ಕೆ ಇದರಿಂದ ತೊಂದರೆ ಆಗುತ್ತಿದೆಯಾ? ಎರಡು ವರ್ಷದಿಂದ ಡಾಕ್ಟರ ಹತ್ತಿರ ಹೋಗುತ್ತಿದ್ದೀರಿ, ಮಾತ್ರೆ ತಪ್ಪಿಸಿಲ್ಲ, ಕೆಲಸ ಮಾಡುತ್ತಿದ್ದೀರಿ, ಮಕ್ಕಳ ಹಾಜರಾತಿ ಸರಿಯಾಗಿದೆ. ಚಿಕಿತ್ಸೆ ಪಡೆಯುತ್ತಿರುವ ತಾಯಿ ಎಂಬುದು ನಿಮ್ಮ ಪರವೇ. ಅಪಾಯ ಇರುವುದು ಕೋರ್ಟ್‌ಗೆ ಹೆದರಿ ಮಾತ್ರೆ ನಿಲ್ಲಿಸಿಬಿಡುವುದರಲ್ಲಿ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಡಾಕ್ಟರಿಂದ ಈಗಿನ ಸ್ಥಿತಿಯ ಬಗ್ಗೆ ಒಂದು ಪತ್ರ ಪಡೆದು ಇಟ್ಟುಕೊಳ್ಳಿ.

ಇನ್ನು ಚಾಟ್. ಅದನ್ನು ಕೋರ್ಟ್‌ಗೆ ತರಲು ಆಗುವುದೇ ಇಲ್ಲ ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. ಫ್ಯಾಮಿಲಿ ಕೋರ್ಟ್ ಕಾಯ್ದೆಯ 14ನೇ ಸೆಕ್ಷನ್ ಸಾಕ್ಷ್ಯದ ವಿಷಯದಲ್ಲಿ ಕೈ ಸಡಿಲ ಬಿಟ್ಟಿದೆ. ಸಂಗಾತಿಗೆ ಗೊತ್ತಿಲ್ಲದಂತೆ ಮಾಡಿದ ಫೋನ್ ರೆಕಾರ್ಡಿಂಗನ್ನೂ ವೈವಾಹಿಕ ಕೇಸಿನಲ್ಲಿ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಅಂದರೆ ಚಾಟ್ ಬರಬಹುದು. ಬಂದರೂ ಅದರ ತೂಕ ವಿಚ್ಛೇದನದ ಕೇಸಿನಲ್ಲಿ ಜಾಸ್ತಿ, ಕಸ್ಟಡಿಯಲ್ಲಿ ಕಮ್ಮಿ. ಹೆಂಡತಿಯಾಗಿ ನಿಮ್ಮ ಮೇಲೆ ಗಂಡ ಎಷ್ಟೇ ದೂರು ಹೇಳಲಿ, ಅದರಿಂದಲೇ ನೀವು ಕೆಟ್ಟ ತಾಯಿ ಎಂದಾಗುವುದಿಲ್ಲ ಎಂದು ಹೈಕೋರ್ಟ್‌ಗಳು ಮತ್ತೆ ಮತ್ತೆ ಹೇಳಿವೆ. ಆ ಸಂಬಂಧದಿಂದ ಮಕ್ಕಳಿಗೆ ಏನಾದರೂ ಕೆಡುಕಾಗಿದ್ದರೆ ಮಾತ್ರ ಅದು ಇಲ್ಲಿ ವಿಷಯ. ಚಾಟ್ ಡಿಲೀಟ್ ಮಾಡಲು ಹೋಗಬೇಡಿ. ವಕೀಲರಿಗೆ ಮೊದಲ ದಿನವೇ ತೋರಿಸಿ. ನಮಗೆ ಕಷ್ಟವಾಗುವುದು ಎದುರಿನವರ ಬಾಯಿಂದ ಮೊದಲ ಸಲ ಕೇಳಿದಾಗ.

'ಮಗ ಅವನಿಗೆ, ಮಗಳು ನಿನಗೆ'

ಈ ಸಲಹೆ ನಮ್ಮ ಕಡೆ ಎಷ್ಟು ಸಲೀಸಾಗಿ ಬರುತ್ತದೆ ಅಂದರೆ, ಗದ್ದೆ ಪಾಲು ಮಾಡಿದ ಹಾಗೆ. ಅದರ ಹಿಂದೆ ವಂಶ, ಕೊಳ್ಳಿ, ಆಸ್ತಿ ಎಂಬ ಹಳೆಯ ಲೆಕ್ಕ ಇದೆ. ಕೋರ್ಟ್‌ಗೆ ಆ ಲೆಕ್ಕ ಬೇಕಿಲ್ಲ. ಮನೆ ಒಡೆದಾಗ ಮಕ್ಕಳಿಗೆ ಉಳಿಯುವ ದೊಡ್ಡ ಆಸರೆ ಅಣ್ಣನಿಗೆ ತಂಗಿ, ತಂಗಿಗೆ ಅಣ್ಣ. ಬಲವಾದ ಕಾರಣ ಇಲ್ಲದೆ ಒಡಹುಟ್ಟಿದವರನ್ನು ಬೇರೆ ಮಾಡಲು ನ್ಯಾಯಾಧೀಶರು ಒಪ್ಪುವುದಿಲ್ಲ. ನೀವಿಬ್ಬರೂ ಒಪ್ಪಿ ಹಾಗೆ ಬರೆದುಕೊಂಡು ಹೋದರೂ 'ಯಾಕೆ?' ಎಂದು ಕೇಳುತ್ತಾರೆ, ಕೇಳಬೇಕು ಕೂಡ.

ಹಿರಿಯರ ಪಂಚಾಯ್ತಿಯಲ್ಲಿ ಛಾಪಾ ಕಾಗದದ ಮೇಲೆ ಬರೆದ ಒಪ್ಪಂದ ಕೋರ್ಟ್ ಆದೇಶಕ್ಕೆ ಸಮ ಅಲ್ಲ. ಆದರೆ ಅದರಲ್ಲಿ ನೀವು ಸಹಿ ಮಾಡಿದ್ದರೆ, 'ಅವರೇ ಒಪ್ಪಿದ್ದರು' ಎಂದು ತೋರಿಸಲು ಅದು ಸಾಕು. ಸಹಿ ಬೇಡ.

ಜಡ್ಜ್ ಮಗನನ್ನು ಕರೆದಾಗ

ಇಷ್ಟೇ ವಯಸ್ಸಿಗೆ ಕೇಳಬೇಕು ಎಂಬ ಗೆರೆ ಕಾನೂನಿನಲ್ಲಿ ಇಲ್ಲ. ನನ್ನ ಅನುಭವದಲ್ಲಿ ಎಂಟು, ಒಂಬತ್ತರ ಮಕ್ಕಳನ್ನು ಬಹಳಷ್ಟು ನ್ಯಾಯಾಧೀಶರು ಮಾತಾಡಿಸುತ್ತಾರೆ. ನಿಮ್ಮ ಮಗನನ್ನು ಕರೆಯುವ ಸಾಧ್ಯತೆ ಇದೆ. ಸಾಕ್ಷಿ ಕಟಕಟೆಯಲ್ಲಿ ಅಲ್ಲ, ಚೇಂಬರ್‌ನಲ್ಲಿ. ನೀವೂ ಇರುವುದಿಲ್ಲ, ಅವರೂ ಇರುವುದಿಲ್ಲ, ವಕೀಲರನ್ನೂ ಹೊರಗೆ ಕಳಿಸುತ್ತಾರೆ. ಶಾಲೆ, ಗೆಳೆಯರು, ಕ್ರಿಕೆಟ್, ಅಜ್ಜಿ ಮಾಡುವ ತಿಂಡಿ ಅಂತ ಮಾತು ಶುರುವಾಗುತ್ತದೆ. ಯಾರು ಬೇಕು ಎಂದು ನೇರವಾಗಿ ಕೇಳದ ಜಡ್ಜ್‌ಗಳೇ ಜಾಸ್ತಿ. ಕೆಲವೊಮ್ಮೆ ಕೌನ್ಸೆಲರ್ ಮಗುವಿನ ಜೊತೆ ಕೂತು ವರದಿ ಕೊಡುತ್ತಾರೆ. ಫ್ಯಾಮಿಲಿ ಕೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಇಂಥ ತಜ್ಞರ ನೆರವಿಗೆ ದಾರಿ ಮಾಡಿಕೊಟ್ಟಿದೆ.

ಮಗುವಿನ ಇಷ್ಟವನ್ನು ಕೇಳುತ್ತಾರೆ, ಅದೇ ಕೊನೆಯ ಮಾತಲ್ಲ. ಯಾಕೆಂದರೆ ಎಂಟು ವರ್ಷದ ಮಗು ಬಹಳ ಸಲ ಹೇಳುವುದು ನಿನ್ನೆ ರಾತ್ರಿ ಯಾರ ಪಕ್ಕ ಮಲಗಿತ್ತೋ ಅವರ ಇಷ್ಟವನ್ನು.

ಹೇಳಿಕೊಡಬೇಕಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ಪುಟ್ಟ ಹುಡುಗ 'ಅಪ್ಪ ನಮಗೆ ಜೀವನಾಂಶ ಕೊಡಲ್ಲ', 'ಅಮ್ಮನಿಗೆ ಮಾನಸಿಕ ಹಿಂಸೆ ಕೊಟ್ಟರು' ಅಂದರೆ ಆ ಪದಗಳು ಎಲ್ಲಿಂದ ಬಂದವು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ, ಅಲ್ವಾ? ಮಗುವಿಗೆ ಒಬ್ಬ ಪೋಷಕರ ಮೇಲೆ ದ್ವೇಷ ತುಂಬುವುದನ್ನು ಸುಪ್ರೀಂ ಕೋರ್ಟ್ 2010ರ ಆಶಿಶ್ ರಂಜನ್ ಪ್ರಕರಣದಲ್ಲೂ, 2017ರ ವಿವೇಕ್ ಸಿಂಗ್ ಪ್ರಕರಣದಲ್ಲೂ ಕಟುವಾಗಿಯೇ ನೋಡಿದೆ. ಕೇಸಿನ ಮಾತು ಬಿಟ್ಟು ಹೇಳುವುದಾದರೆ, ಆ ಪಾಠ ಒಪ್ಪಿಸಿ ಬಂದ ಮಗು ಮನೆಗೆ ಬಂದ ಮೇಲೂ ಅದನ್ನು ಹೊತ್ತಿರುತ್ತದೆ. ಅವನು ಕೇಳಿದರೆ ಇಷ್ಟು ಹೇಳಿ ಸಾಕು: 'ಒಬ್ಬರು ಜಡ್ಜ್ ನಿನ್ನ ಜೊತೆ ಮಾತಾಡ್ತಾರೆ. ನಿನಗೆ ಅನಿಸಿದ್ದು ಹೇಳು. ಏನು ಹೇಳಿದರೂ ನಾನೂ ಬೈಯಲ್ಲ, ಅಪ್ಪನೂ ಬೈಯಲ್ಲ.'

ನಿಲ್ಲಿಸಿದ ವಿಡಿಯೋ ಕಾಲ್

ಈಗ ಇದಕ್ಕೆ ಬರೋಣ. ನೀವು ಕಾಲ್ ನಿಲ್ಲಿಸಿದ್ದು ದ್ವೇಷದಿಂದಲ್ಲ, ಅದು ಪತ್ರ ಓದಿದರೇ ಗೊತ್ತಾಗುತ್ತದೆ. ಪ್ರತಿ ಕಾಲ್ ಕೊನೆಗೆ ನಿಮ್ಮಿಬ್ಬರ ಜಗಳಕ್ಕೆ ಬಂದು ನಿಲ್ಲುತ್ತಿತ್ತೇನೋ. ಆದರೆ ಅವರ ವಕೀಲರ ಅರ್ಜಿಯಲ್ಲಿ ಅದು ಹೇಗೆ ಬರುತ್ತದೆ ಗೊತ್ತಾ? ಮಕ್ಕಳನ್ನು 260 ಕಿಲೋಮೀಟರ್ ದೂರ ಕರೆದೊಯ್ದರು, ಶಾಲೆ ಬದಲಿಸಿದರು, ಈಗ ತಂದೆಯ ಮುಖವನ್ನೂ ತೋರಿಸುತ್ತಿಲ್ಲ. ಮೂರೂ ವಾಕ್ಯ ನಿಜವೇ.

2020ರ ಯಶಿತಾ ಸಾಹು ತೀರ್ಪನ್ನು ಈಗ ಕಸ್ಟಡಿ ಕೇಸುಗಳಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹೇಳುತ್ತಾರೆ. ತಂದೆ ತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಬೇರೆ ಕಾರಣ ಇಲ್ಲದಿದ್ದರೆ, ಮಗು ಯಾರ ಜೊತೆ ಇಲ್ಲವೋ ಆ ಪೋಷಕರು ದಿನಾ ಐದರಿಂದ ಹತ್ತು ನಿಮಿಷ ಮಗುವಿನ ಜೊತೆ ಮಾತಾಡುವಂತಿರಬೇಕು, ಅದಕ್ಕೆ ವಿಡಿಯೋ ಕಾಲ್ ಒಳ್ಳೆಯದು ಎಂದೂ ಹೇಳಿತು. ನೀವು ನಿಲ್ಲಿಸಿರುವುದು ಸರಿಯಾಗಿ ಅದನ್ನೇ.

ಇಬ್ಬರೂ ಸುಮಾರಾಗಿ ಒಳ್ಳೆಯ ಪೋಷಕರೇ ಆಗಿದ್ದಾಗ ಜಡ್ಜ್ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ: ಮಗುವನ್ನು ಇವರ ಕೈಗೆ ಕೊಟ್ಟರೆ ಆ ಇನ್ನೊಬ್ಬರನ್ನು ಮಗುವಿಗೆ ಉಳಿಸಿಕೊಡುತ್ತಾರಾ? ಎಂಟು ವರ್ಷದ ಮಗನ ವಿಷಯ ತೀರ್ಮಾನ ಆಗುವುದು ಇಲ್ಲಿ ಎಂದು ನನಗನಿಸುತ್ತದೆ. ನಿಮ್ಮ 18 ಸಾವಿರದಲ್ಲಿ ಅಲ್ಲ.

ಇವತ್ತು ಸಂಜೆಯಿಂದಲೇ ಶುರು ಮಾಡಿ. ದಿನಾ ಒಂದೇ ಸಮಯ, ಉದಾಹರಣೆಗೆ ಏಳೂವರೆ. ಫೋನ್ ಮಕ್ಕಳ ಕೈಯಲ್ಲಿರಲಿ, ಹತ್ತಿರ ನಿಮ್ಮ ಅಮ್ಮನೋ ಅಪ್ಪನೋ ಇರಲಿ, ನೀವು ಪಕ್ಕದ ಕೋಣೆಗೆ ಹೋಗಿ. ಅವರು ಎತ್ತದಿದ್ದರೆ 'ಮಕ್ಕಳು 7.30ಕ್ಕೆ ಕಾಲ್ ಮಾಡಿದ್ದರು' ಎಂದು ಒಂದು ಮೆಸೇಜ್ ಸಾಕು, ಕುಹಕ ಬೇಡ. ಆ ಮೆಸೇಜುಗಳೇ ಮುಂದೆ ನಿಮ್ಮ ದಾಖಲೆ.

ಒಂದು ಎಚ್ಚರಿಕೆ. ಮನೆಯಲ್ಲಿ ಹೊಡೆತ ಇದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆದಿದ್ದರೆ ಈ ಸಲಹೆ ಹೊಂದುವುದಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 21ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟ್ ತಾತ್ಕಾಲಿಕ ಕಸ್ಟಡಿ ಕೊಡಬಹುದು, ಮಗುವಿಗೆ ಅಪಾಯ ಕಂಡರೆ ಭೇಟಿಯನ್ನೂ ತಡೆಯಬಹುದು. ನೀವೇ 'ಹೊಡೆತ ಬಡಿತ ಇರಲಿಲ್ಲ' ಎಂದು ಬರೆದಿದ್ದೀರಿ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಕ್ಕೆ ನನಗೆ ನಿಮ್ಮ ಮೇಲೆ ಗೌರವ ಇದೆ. ಯಾರೋ ಹೇಳಿದರೆಂದು ಇಲ್ಲದ ಆರೋಪ ಸೇರಿಸಲು ಹೋಗಬೇಡಿ.

ಮುಂದಿರುವ ದಾರಿಗಳು

ಲಾಯರ್ ನೋಟಿಸ್ ಕೋರ್ಟ್ ಆದೇಶ ಅಲ್ಲ. ಏಳು ದಿನದಲ್ಲಿ ಮಕ್ಕಳನ್ನು ಕಳಿಸಬೇಕು ಎಂಬ ಕಟ್ಟುಪಾಡು ಅದರಿಂದ ಬರುವುದಿಲ್ಲ. ಕೋರ್ಟ್ ಆದೇಶ ಯಾವುದೂ ಇಲ್ಲದಿರುವಾಗ ತಾಯಿ ತನ್ನ ಮಕ್ಕಳ ಜೊತೆ ಇದ್ದರೆ ಪೊಲೀಸರು ಸಾಮಾನ್ಯವಾಗಿ 'ಫ್ಯಾಮಿಲಿ ಕೋರ್ಟ್‌ಗೆ ಹೋಗಿ' ಎಂದು ಕಳಿಸುತ್ತಾರೆ. ನಿಮ್ಮ ಗಂಡ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಕ್ಕಳನ್ನು ಕೋರ್ಟ್ ಮುಂದೆ ಹಾಜರುಪಡಿಸಿ ಎಂಬ ಅರ್ಜಿ, ಹಾಕಬಹುದು. ಅಲ್ಲೂ ನೋಡುವುದು ಮಕ್ಕಳ ಹಿತವನ್ನೇ.

ಸುಮ್ನೆ ಕಾಯುವುದು ಒಂದು ದಾರಿ. ಮಕ್ಕಳು ಇಲ್ಲಿ ಹೊಂದಿಕೊಂಡಷ್ಟೂ ನಿಮಗೆ ಒಳ್ಳೆಯದು ಎಂದು ಕೆಲವರು ಹೇಳುತ್ತಾರೆ. ಅರ್ಧ ನಿಜ. ಮಕ್ಕಳ ಸ್ಥಿರತೆಯನ್ನು ಕೋರ್ಟ್ ಕದಡಲು ಬಯಸುವುದಿಲ್ಲ. ಆದರೆ ತಂದೆಯನ್ನು ದೂರವಿಟ್ಟು ಕಟ್ಟಿದ ಸ್ಥಿರತೆಗೆ ಆ ಬೆಲೆ ಸಿಗುವುದಿಲ್ಲ. ಅಷ್ಟರಲ್ಲಿ ಅವರು ಬೆಂಗಳೂರಿನಲ್ಲಿ ಮೊದಲು ಕೇಸು ಹಾಕಿದರೆ ಪ್ರತಿ ಡೇಟ್‌ಗೂ ನೀವು ಓಡಾಡಬೇಕು.

ನೀವೇ ದಾವಣಗೆರೆಯಲ್ಲಿ ಅರ್ಜಿ ಹಾಕುವುದು ಇನ್ನೊಂದು. 1890ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೋ ಅಲ್ಲಿಯ ಕೋರ್ಟ್‌ಗೆ ಅಧಿಕಾರ. ನಾಲ್ಕು ತಿಂಗಳು ಹಾಗೆ ಲೆಕ್ಕವಾಗುತ್ತದಾ ಎಂದು ಅವರು ತಕರಾರು ಎತ್ತುತ್ತಾರೆ. ಶಾಲೆಯ ದಾಖಲಾತಿ, ನಿಮ್ಮ ಕೆಲಸದ ಪತ್ರ ಆಗ ನೆರವಿಗೆ ಬರುತ್ತವೆ. ಅವರು ಬೆಂಗಳೂರಿನಲ್ಲಿ ಹಾಕಿಬಿಟ್ಟರೆ ಕೇಸನ್ನು ದಾವಣಗೆರೆಗೆ ವರ್ಗಾಯಿಸಲು ಹೈಕೋರ್ಟ್‌ಗೆ ಅರ್ಜಿ ಕೊಡಬಹುದು. ಚಿಕ್ಕ ಮಕ್ಕಳಿರುವ ಹೆಂಗಸಿನ ಅನುಕೂಲವನ್ನು ಅಲ್ಲಿ ಗಮನಿಸುತ್ತಾರೆ. ಕೇಸು ಹಾಕುವುದರ ನಷ್ಟ ಸಮಯ. ಅಂತಿಮ ತೀರ್ಪಿಗೆ ವರ್ಷಗಳಾಗಬಹುದು, ಅದಕ್ಕೇ ಮಧ್ಯಂತರ ಅರ್ಜಿಯಲ್ಲಿ ಬರುವ ಮೊದಲ ಆದೇಶ ಬಹಳ ಮುಖ್ಯ. ಎಷ್ಟೋ ಮಕ್ಕಳ ಬಾಲ್ಯ ಆ 'ತಾತ್ಕಾಲಿಕ' ಆದೇಶದಲ್ಲೇ ಕಳೆದುಹೋಗುತ್ತದೆ.

ಇನ್ನೊಂದು ದಾರಿ ಮಾತುಕತೆ, ಮೀಡಿಯೇಷನ್ (ಮಧ್ಯಸ್ಥರ ಮುಂದೆ ಕೂತು ಒಪ್ಪಂದಕ್ಕೆ ಬರುವುದು). ಕೇಸು ಹಾಕಿದರೂ ಕೋರ್ಟ್ ಮೊದಲು ರಾಜಿಗೆ ಪ್ರಯತ್ನಿಸಲೇಬೇಕು, ಅದು ಫ್ಯಾಮಿಲಿ ಕೋರ್ಟ್ ಕಾಯ್ದೆಯ 9ನೇ ಸೆಕ್ಷನ್ ಹೊರಿಸಿದ ಕರ್ತವ್ಯ. ಕೇಸಿಗೆ ಮುಂಚೆಯೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕವೂ ಕೂರಬಹುದು. ನಿಮ್ಮಂಥ ಪ್ರಕರಣಕ್ಕೆ ನಾನು ಇದನ್ನೇ ಹೇಳುತ್ತೇನೆ. ಇಬ್ಬರಿಗೂ ಮಕ್ಕಳು ಬೇಕು, ಹಿಂಸೆ ಇಲ್ಲ, ದೂರ ಒಂದೇ ಸಮಸ್ಯೆ. ಇದರ ಅಪಾಯ ಅಂದರೆ ಸೆಟಲ್‌ಮೆಂಟ್ ಮುಗಿಸುವ ಅವಸರದಲ್ಲಿ 'ತಂದೆ ಆಗಾಗ ಮಕ್ಕಳನ್ನು ನೋಡಬಹುದು' ಎಂದು ಬರೆದುಬಿಡುವುದು. 'ಆಗಾಗ' ಎಂಬ ಪದದಿಂದ ಎಷ್ಟು ಕೇಸು ಮತ್ತೆ ಕೋರ್ಟ್‌ಗೆ ಬಂದಿವೆಯೋ! ಯಾವ ಶನಿವಾರ, ಎಷ್ಟು ಗಂಟೆಗೆ, ಯಾರು ಕರೆತರುತ್ತಾರೆ, ರೈಲ್ವೆ ಸ್ಟೇಷನ್ನಿಗಾ ಅಜ್ಜನ ಮನೆಗಾ, ಮಗುವಿಗೆ ಜ್ವರ ಬಂದರೆ ಆ ಭೇಟಿ ಯಾವಾಗ, ಎಲ್ಲ ಬರೆಯಿರಿ. ದಸರಾ ರಜೆ ಹೇಗೆ, ಬೇಸಿಗೆ ರಜೆಯಲ್ಲಿ ಎಷ್ಟು ವಾರ ಯಾರ ಬಳಿ, ದೀಪಾವಳಿ ಒಂದು ವರ್ಷ ಇಲ್ಲಿ ಒಂದು ವರ್ಷ ಅಲ್ಲಿ, ಹುಟ್ಟುಹಬ್ಬ, ಶಾಲೆಯ ಮಾರ್ಕ್ಸ್ ಕಾರ್ಡ್ ಇಬ್ಬರಿಗೂ, ದೊಡ್ಡ ಚಿಕಿತ್ಸೆಗೆ ಇಬ್ಬರ ಒಪ್ಪಿಗೆ, ಪಾಸ್‌ಪೋರ್ಟ್ ಯಾರ ಬಳಿ, ಫೀಸ್ ಯಾರು ಎಷ್ಟು. ದಾವಣಗೆರೆ–ಬೆಂಗಳೂರಿನ ಮಟ್ಟಿಗೆ ಎರಡನೇ ಮತ್ತು ನಾಲ್ಕನೇ ವಾರಾಂತ್ಯ, ಒಂದು ಸಲ ಅವರು ಇಲ್ಲಿಗೆ ಬರುವುದು, ಒಂದು ಸಲ ಮಗ ಅಲ್ಲಿಗೆ ಹೋಗುವುದು ನಡೆಯುತ್ತದೆ. ಪುಟ್ಟ ಮಗಳಿಗೆ ಮೊದಮೊದಲು ಹಗಲು ಭೇಟಿ ಸಾಕು, ರಾತ್ರಿ ಉಳಿಯುವುದು ನಿಧಾನಕ್ಕೆ.

ಜಂಟಿ ಕಸ್ಟಡಿ ಕೇಳಿದರೆ ಏನು ಮಾಡುವುದು ಅಂತಲೂ ನಿಮಗೆ ಅನಿಸಬಹುದು. ನಮ್ಮ ಕಾಯ್ದೆಗಳಲ್ಲಿ ಆ ಏರ್ಪಾಟಿನ ಬಗ್ಗೆ ಬಿಡಿಸಿ ಹೇಳಿಲ್ಲ. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಅದನ್ನು ಸೇರಿಸಲು ಶಿಫಾರಸು ಮಾಡಿತು. ಅದಕ್ಕೂ ಮೊದಲು, 2013ರಲ್ಲಿ, ಕೆ.ಎಂ. ವಿನಯಾ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ವರ್ಷವನ್ನು ಎರಡು ಪಾಲು ಮಾಡಿತ್ತು. ಜನವರಿಯಿಂದ ಜೂನ್ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ತಾಯಿಯ ಬಳಿ, ಓದಿನ ಖರ್ಚು ಸಮಪಾಲು, ಇನ್ನೊಬ್ಬರಿಗೆ ಶನಿವಾರ ಭಾನುವಾರ ಭೇಟಿ. ಕಾಗದದ ಮೇಲೆ ಚೆಂದ. ಆದರೆ ಒಂದೇ ಊರಿನಲ್ಲಿ ಇಲ್ಲದ ಪೋಷಕರಿಗೆ ಅದು ಹೊಂದುವುದಿಲ್ಲ, ಎರಡು ಊರಿನ ಎರಡು ಶಾಲೆಯಲ್ಲಿ ಮಗು ಓದಲಾಗುವುದಿಲ್ಲ. ಹಾಗೆ ಕೇಳಿದರೆ ಈ ಕಾರಣ ಹೇಳಿ. 'ಅವರಿಗೆ ಯೋಗ್ಯತೆ ಇಲ್ಲ' ಎಂಬ ಕಾರಣ ಬೇಡ.

ಯಾವ ದಾರಿಯಲ್ಲಿ ಬಂದ ಆದೇಶವೂ ಶಾಶ್ವತ ಅಲ್ಲ. ಮಕ್ಕಳು ದೊಡ್ಡವರಾದಂತೆ, ಪರಿಸ್ಥಿತಿ ಬದಲಾದಂತೆ ಅದನ್ನು ಬದಲಿಸಿಕೊಡಿ ಎಂದು ಕೇಳಬಹುದು. 2010ರ ವಿಕ್ರಂ ವೀರ್ ವೋಹ್ರಾ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿದೆ. ಇದು ನಿಮಗೂ ಅನ್ವಯ, ಅವರಿಗೂ ಅನ್ವಯ. ಭೇಟಿಯ ಆದೇಶವನ್ನು ಮತ್ತೆ ಮತ್ತೆ ಮುರಿದವರಿಂದ ಕಸ್ಟಡಿಯೇ ಕೈ ಬದಲಾದದ್ದೂ ಇದೆ.

ವಕೀಲರ ಫೀಸಿನ ಚಿಂತೆ ಇದ್ದರೆ, ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟ್‌ಗೆ ಹೋಗಿ ಪ್ರಾಧಿಕಾರದ ಕಚೇರಿ ಎಲ್ಲಿ ಎಂದು ಕೇಳಿ. ಹೋಗುವಾಗ ಮದುವೆ ಫೋಟೊ ಅಥವಾ ಸರ್ಟಿಫಿಕೇಟ್, ಮಕ್ಕಳ ಜನನ ಪತ್ರ, ಶಾಲೆಯ ಕಾಗದ, ನಿಮ್ಮ ಸಂಬಳದ ಚೀಟಿ, ಡಾಕ್ಟರ ಪತ್ರ ಮತ್ತು ಆ ನೋಟಿಸ್ ತೆಗೆದುಕೊಂಡು ಹೋಗಿ.

ನೋಟಿಸ್‌ಗೆ ಉತ್ತರ ಕೊಡದೆ ಬಿಡಬೇಡಿ. ಉತ್ತರ ಒಂದು ಪುಟ ದಾಟದಿರಲಿ. ಮಕ್ಕಳು ಕ್ಷೇಮವಾಗಿದ್ದಾರೆ, ಈ ಶಾಲೆಯಲ್ಲಿ ಓದುತ್ತಿದ್ದಾರೆ, ದಿನಾ ಏಳೂವರೆಗೆ ಕಾಲ್ ಮಾಡುತ್ತಾರೆ, ಬರುವ ಎರಡನೇ ಶನಿವಾರ ನೀವು ಬಂದು ನೋಡಬಹುದು, ಉಳಿದದ್ದನ್ನು ಮೀಡಿಯೇಷನ್‌ನಲ್ಲಿ ಕೂತು ಮಾತಾಡಲು ಸಿದ್ಧ. ವಕೀಲರು ಇದಕ್ಕೆ ನಾಲ್ಕು ಖಾರದ ಪ್ಯಾರಾ ಸೇರಿಸಿದರೆ ತೆಗೆಸಿ. ಆ ಕಾಗದವನ್ನು ಮುಂದೆ ಜಡ್ಜ್ ಓದುತ್ತಾರೆ.